ಮುಂಬಯಿಯ ಕಡಲಿಗೆ ಬಂದಿದ್ದ ‘ತೋಳ’

ಪ್ರಥಮ ಮಹಾಯುದ್ಧದ ಮಾತು ಬಂದಾಗ ನಮ್ಮವರಿಗೆ ಮೊದಲು ನೆನಪಾಗುವುದು ‘ಎಮ್ಡನ್’ ಹಡಗು. ೧೯೧೪ರ ಸೆಪ್ಟೆಂಬರ್ ೨೨ರ ರಾತ್ರಿ ಮದರಾಸಿನ ಎಣ್ಣೆಯ ತೊಟ್ಟಿಗಳ ಮೇಲೆ ಗುಂಡು ಸುರಿಸಿ ಮಾಯವಾದ ಆ ಜರ್ಮನ್ ಯುದ್ಧನೌಕೆಯ ಹೆಸರು ದಕ್ಷಿಣ ದೇಶದಲ್ಲೆಲ್ಲ ಮನೆಮಾತಾಯಿತು. ಆದರೆ ಅದಾದ ಎರಡೂವರೆ ವರ್ಷಗಳೊಳಗೆ ಇನ್ನೊಂದು ಜರ್ಮನ್ ಹಡಗು ಮುಂಬಯಿಯ ಹೆಬ್ಬಾಗಿಲಿನ ತನಕ ಬಂದು, ಒಂದು ಗುಂಡನ್ನೂ ಹಾರಿಸದೆ ತನ್ನ ಘೋರಕಾರ್ಯವನ್ನು ಮುಗಿಸಿಕೊಂಡು ಹೊರಟುಹೋದ ಸಂಗತಿಯನ್ನು ಬಲ್ಲವರು ವಿರಳ. ದುಡಿಮೆ ಮುಗಿಸಿ ಸಂಜೆ ಅಪೋಲೋ ಬಂದರಿನ ಕಟ್ಟೆಯ ಮೇಲೆ ಗಾಳಿಗೆ ಕುಳಿತುಕೊಳ್ಳುವ ನಮ್ಮ ವಾಚಕರು ಎದುರಿಗೆ ಕಾಣುವ ಕಡಲೇ ಆ ಕಥೆಯ ಒಂದು ರಂಗಸ್ಥಳ.

ಆ ಹಡಗಿನ ಹೆಸರು ‘ವೋಲ್ಫ್’; ಎಂದರೆ ತೋಳ.

ಸರಕಿನ ಹಡಗು ಸಮರಕ್ಕೆ

ಹುಟ್ಟಿನಿಂದ ಅದು ಯುದ್ಧನೌಕೆಯಲ್ಲ. ಬ್ರೆಮೆನ್ ನಗರದ ಹನ್ಸಾ ಎಂಬ ಕಂಪನಿಗೆ ಹಿಂದೂದೇಶದೊಡನೆಯೂ ಪೂರ್ವದೇಶಗಳೊಡನೆಯೂ ದೊಡ್ಡ ವ್ಯಾಪಾರವಿತ್ತು. ಆ ಕಂಪನಿಗಾಗಿ ೧೯೧೩ರಲ್ಲಿ ನಿರ್ಮಾಣವಾದ ‘ವಾಖ್ಟ್‌ಫೆಲ್ಸ್’ ಎಂಬ ಸಾಧಾರಣ ಸರಕಿನ ಹಡಗು ಅದು. ಭಾರ ಸುಮಾರು ೫,೮೦೦ ಟನ್ನು. ವೇಗ ಗಂಟೆಗೆ ಹತ್ತು ಹನ್ನೊಂದು ಕಡಲ ಮೈಲಿಗಳು ಮಾತ್ರ. ಯಾವ ಯುದ್ಧನೌಕೆ ಬೆನ್ನಟ್ಟಿದರೂ ತಪ್ಪಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಆದರೆ ಅದರ ಮಂದಗತಿಯೇ ಅದರ ಬಲವಾಯಿತು. ವೇಗದ ಹಡಗು ಕೆಲವೇ ವಾರಗಳಲ್ಲಿ ಕಲ್ಲಿದ್ದಲನ್ನು ಮುಗಿಸಿ ಬಂದರಿಗಾಗಿ ಹಂಬಲಿಸಬೇಕು. ಈ ಹಡಗಾದರೋ ಒಮ್ಮೆ ಹೊಟ್ಟೆ ತುಂಬಿಸಿಕೊಂಡರೆ ತಿಂಗಳುಗಟ್ಟಲೆ ಕಡಲಿನಲ್ಲಿರಬಲ್ಲುದಾಗಿತ್ತು.

ಜರ್ಮನ್ ನೌಕಾಖಾತೆಯು ಅದರ ಮೈಯೊಳಗೆ ತೋಪುಗಳನ್ನೂ ಟಾರ್ಪಿಡೋಗಳನ್ನೂ ಅಡಗಿಸಿತು. ಬೇಕಾದಾಗ ಕೆಳಗೆ ಬೀಳುವ ಹಲಗೆಗಳ ಮರೆಯಲ್ಲಿ ತೋಪುಗಳಿದ್ದುದರಿಂದ ಹೊರಗಿನಿಂದ ನೋಡಿದವರಿಗೆ ಅದೊಂದು ಬಡ ವ್ಯಾಪಾರಿ ಹಡಗು. ಒಂದು ಪುಟ್ಟ ವಿಮಾನವನ್ನೂ ಅದರೊಳಗಿಟ್ಟರು. ಅದಕ್ಕೆ ‘ವೋಲ್ಫ್‌ಷೆನ್’, ತೋಳದ ಮರಿ, ಎಂದು ಹೆಸರು. ಇವೆಲ್ಲಕ್ಕಿಂತ ಭಯಂಕರವಾದ ಹೊರೆಯೆಂದರೆ ನಾನೂರೈವತ್ತಕ್ಕೂ ಮಿಕ್ಕಿದ ಮೈನುಗಳು.

ಮೈನೆಂದರೆ ಮದ್ದು ತುಂಬಿದ ಕಬ್ಬಿಣದ ಗೋಳ. ಅದರ ಮೈಮೇಲೆ ಕೊಂಬುಗಳಿರುತ್ತವೆ. ಕಡಲ ತಳದಲ್ಲಿ ಕುಳಿತ ಭಾರಕ್ಕೆ ಉಕ್ಕಿನ ಹಗ್ಗದಿಂದ ಕಟ್ಟಿದ ಆ ಗೋಳ ನೀರಿನ ಮೇಲ್ಮೈಗಿಂತ ತುಸು ಕೆಳಗೆ ತೇಲುತ್ತ ನಿಂತಿರುತ್ತದೆ. ಹಡಗಿನ ತಳ ಕೊಂಬಿಗೆ ತಾಗಿತೋ, ಸ್ಫೋಟ. ಬಂದವನು ಸೈನಿಕನೋ ಖಲಾಸಿಯೋ ತಾಯಿಯ ಮಡಿಲಿನ ಕೂಸೋ ಎಂಬ ವಿಚಾರ ಅದಕ್ಕಿಲ್ಲ. ಇಟ್ಟವನು ಸಾವಿರ ಮೈಲಿ ದೂರ ಹೋಗಿದ್ದರೂ ಅದು ಕಾಯುತ್ತಲೇ ಇರುತ್ತದೆ.

ಅರಬ್ಬೀ ಸಮುದ್ರದಲ್ಲಿ

ಕಪ್ತಾನ ಕಾರ್ಲ್ ಆಗಸ್ಟ್ ನೆರ್ಗರ್ ಎಂಬವನ ನಾಯಕತ್ವದಲ್ಲಿ, ಸುಮಾರು ಮುನ್ನೂರೈವತ್ತು ನಾವಿಕರೊಡನೆ, ‘ವೋಲ್ಫ್’ ೧೯೧೬ರ ನವೆಂಬರ್ ೩೦ರಂದು ಕೀಲ್ ಬಂದರನ್ನು ಬಿಟ್ಟಿತು. ಬ್ರಿಟಿಷ್ ನೌಕಾಪಡೆಯ ಕಾವಲನ್ನು ಉತ್ತರದ ಹಿಮಸಮುದ್ರದಲ್ಲಿ ತಪ್ಪಿಸಿಕೊಂಡು ದಕ್ಷಿಣಕ್ಕಿಳಿಯಿತು. ೧೯೧೭ರ ಜನವರಿಯಲ್ಲಿ ಆಫ್ರಿಕದ ದಕ್ಷಿಣ ತುದಿಯಲ್ಲಿಯೂ, ಫೆಬ್ರವರಿಯ ನಡುವೆ ಕೊಲಂಬೋ ಬಂದರಿನ ಎದುರಿಗೂ ಮೈನುಗಳನ್ನು ಬಿತ್ತಿತು. ಕೊಲಂಬೋದ ಎದುರು ‘ವುಸ್ಟರ್‌ಷೈರ್’ ಮತ್ತು ‘ಪರ್ಸಿಯಸ್’ ಎಂಬ ಹಡಗುಗಳು ಅದೇ ತಿಂಗಳಲ್ಲಿ ಮುಳುಗಿದವು. ಅಷ್ಟರಲ್ಲಿ ತೋಳ ಮುಂಬಯಿಯ ಹಾದಿ ಹಿಡಿದಿತ್ತು.

ಆ ಕಾಲದಲ್ಲಿ ಮುಂಬಯಿ ಬಂದರಿಗೆ ಬಿಡುವೆಂಬುದಿರಲಿಲ್ಲ. ಮೆಸೊಪೊಟೇಮಿಯದ ರಣರಂಗಕ್ಕೆ ನಮ್ಮ ದೇಶದ ಸಿಪಾಯಿಗಳು ಹಡಗು ಹತ್ತುತ್ತಿದ್ದುದೂ, ಗಾಯಗೊಂಡವರು ಮರಳಿ ಬಂದಿಳಿಯುತ್ತಿದ್ದುದೂ ಇಲ್ಲಿಯೇ. ಅಂಥ ಬಂದರಿನ ಹೊರಗೆ, ಫೆಬ್ರವರಿಯ ಮೂರನೆಯ ವಾರದಲ್ಲಿ, ಇರುಳ ಮರೆಯಲ್ಲಿ ನೆರ್ಗರ್ ತನ್ನ ಮೈನುಗಳನ್ನಿಳಿಸಿ ತೆಂಕಣ ಕಡಲಿಗೆ ಮರೆಯಾದನು.

ಅವುಗಳ ಫಲ ಕಂಡುಬಂದುದು ಮಳೆಗಾಲದ ಆರಂಭದಲ್ಲಿ. ಜೂನ್ ೧೧ರಂದು ‘ಸಿಟಿ ಆಫ್ ಎಕ್ಸೆಟರ್’ ಎಂಬ ಹಡಗು ಮೈನಿಗೆ ತಾಗಿ, ಒಡೆದ ಮೈಯಿಂದ ಹೇಗೋ ಮುಂಬಯಿ ಸೇರಿತು. ಜೂನ್ ೧೭ರಂದು ‘ಕ್ರಾಕ್ಸ್‌ಟೆತ್ ಹಾಲ್’ ಮುಳುಗಿತು. ಜೂನ್ ೨೩ರಂದು ಪಿ. ಅಂಡ್ ಓ. ಕಂಪನಿಯ ‘ಮಂಗೋಲಿಯ’ ಎಂಬ ದೊಡ್ಡ ಪ್ರಯಾಣಿಕರ ಹಡಗು ಮುಂಬಯಿಗೆ ಸುಮಾರು ಐವತ್ತು ಮೈಲಿ ದಕ್ಷಿಣದಲ್ಲಿ ಸಮುದ್ರದ ಪಾಲಾಯಿತು; ೨೩ ಮಂದಿ ಸತ್ತರು. ಜುಲೈ ೨೯ರಂದು ‘ಓಖ್ಲಾ’ ಹಡಗಿಗೂ ಅದೇ ಗತಿಯಾಯಿತು. ಅಂದಿನ ಬ್ರಿಟಿಷ್ ಹಡಗುಗಳಲ್ಲಿ ಬೆಂಕಿಯ ಮುಂದೆ ಕಲ್ಲಿದ್ದಲೆತ್ತುತ್ತಿದ್ದವರು, ಹಗ್ಗ ಎಳೆಯುತ್ತಿದ್ದವರು, ಅಡುಗೆ ಮಾಡಿ ಬಡಿಸುತ್ತಿದ್ದವರು ಬಹುಮಟ್ಟಿಗೆ ನಮ್ಮ ದೇಶದ ಖಲಾಸಿಗಳು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಕಡಲು ಸೇರಿದ್ದ ಅವರಿಗೆ ಕೈಸರನ ಮೇಲೆ ಯಾವ ಹಗೆಯಿತ್ತು?

ಮೌನದ ಬೆಲೆ

ಇಲ್ಲಿ ಒಂದು ವಿಚಾರವನ್ನು ವಾಚಕರು ಗಮನಿಸಬೇಕು. ಈ ಹಡಗುಗಳು ಮುಳುಗುವುದಕ್ಕೆ ಮೂರು ತಿಂಗಳು ಮೊದಲೇ ಬ್ರಿಟಿಷರಿಗೆ ತೋಳದ ಸುಳಿವು ಸಿಕ್ಕಿತ್ತು. ಫೆಬ್ರವರಿ ೨೭ರಂದು ನೆರ್ಗರನು ‘ಟರಿಟೆಲ್ಲ’ ಎಂಬ ಹಡಗನ್ನು ಹಿಡಿದನು. ವಿಚಿತ್ರವೆಂದರೆ ಅದು ಮೊದಲು ಹನ್ಸಾ ಕಂಪನಿಯದೇ ಹಡಗು. ಯುದ್ಧಾರಂಭದಲ್ಲಿ ಬ್ರಿಟಿಷರ ವಶವಾಗಿತ್ತು. ಅದರಲ್ಲಿ ಮೈನುಗಳನ್ನು ತುಂಬಿ ಏಡನ್ನಿನ ಕಡೆಗೆ ಕಳುಹಿಸಿದನು. ಮಾರ್ಚ್ ೫ರಂದು ‘ಓಡಿನ್’ ಎಂಬ ಬ್ರಿಟಿಷ್ ಯುದ್ಧನೌಕೆ ಎದುರಾದಾಗ ಜರ್ಮನರು ಆ ಹಡಗನ್ನು ತಾವೇ ಮುಳುಗಿಸಿ ಸೆರೆಯಾದರು. ಅಲ್ಲಿಗೆ ಗುಟ್ಟು ರಟ್ಟಾಯಿತು. ಆದರೆ ಅದು ಅಧಿಕಾರಿಗಳ ಪೆಟ್ಟಿಗೆಯನ್ನು ಬಿಟ್ಟು ಹೊರಬರಲಿಲ್ಲ. ಜನ ಹೆದರಿಯಾರು, ವ್ಯಾಪಾರ ನಿಂತೀತು ಎಂಬ ಎಣಿಕೆಯಿಂದ ಪ್ರಜೆಗಳಿಗೆ ಸತ್ಯವನ್ನು ತಿಳಿಸಲಿಲ್ಲ.

ಇದರ ದುಷ್ಫಲವನ್ನು ಆಸ್ಟ್ರೇಲಿಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ತೋಳ ಅಲ್ಲಿಗೂ ಹೋಗಿ ಮೈನುಗಳನ್ನಿಟ್ಟಿತು. ೧೯೧೭ರ ಜುಲೈ ೬ರಂದು ‘ಕಂಬರ್ಲೆಂಡ್’ ಹಡಗು ಒಡೆದಾಗ, ಯಾರೋ ಸರಕಿನಲ್ಲಿ ಬಾಂಬು ಅಡಗಿಸಿಟ್ಟಿರಬೇಕೆಂದು ಹೇಳಲಾಯಿತು. ಅಲ್ಲಿಯೇ ನೆಲಸಿದ್ದ ಜರ್ಮನ್ ಮೂಲದವರ ಮೇಲೂ ಬಂದರಿನ ಕೂಲಿಗಳ ಮೇಲೂ ಗುಮಾನಿ ಬಿದ್ದಿತು. ಎಲ್ಲಿಂದಲೋ ಬಂದು ನೆಲಸಿ ನಿಯತ್ತಿನಿಂದ ದುಡಿಯುವವನೇ ಇಂಥ ಹೊತ್ತಿನಲ್ಲಿ ಮೊದಲು ಅನುಮಾನಕ್ಕೆ ಗುರಿಯಾಗುತ್ತಾನೆ!

ಸರಕಾರಗಳು ಪ್ರಜೆಗಳಿಂದ ಮುಚ್ಚಿಟ್ಟುದನ್ನು ಶತ್ರು ಮಾತ್ರ ಆಲಿಸುತ್ತಲೇ ಇದ್ದನು. ‘ವೋಲ್ಫ್’ ತಾನು ನಿಸ್ತಂತುವಿನಲ್ಲಿ ಮಾತಾಡದೆ ಇತರರ ಮಾತುಗಳನ್ನು ಕೇಳುತ್ತಿತ್ತು. ‘ಮಟುಂಗ’ ಎಂಬ ಹಡಗು ಕಲ್ಲಿದ್ದಲನ್ನೂ ಆಹಾರವನ್ನೂ ಹೇರಿಕೊಂಡು ರಬೌಲಿಗೆ ಹೊರಟಿದೆಯೆಂಬ ವಾರ್ತೆ ಬಿಚ್ಚುಮಾತಿನಲ್ಲಿ ಕೇಳಿಬಂದಾಗ, ನೆರ್ಗರನು ಹಾದಿಯಲ್ಲಿ ಕಾದು ಆಗಸ್ಟ್ ೬ರಂದು ಅದನ್ನು ಹಿಡಿದನು. ಅದಕ್ಕೆ ಮೊದಲು ಪೆಸಿಫಿಕ್ಕಿನ ಒಂದು ದ್ವೀಪದ ಬಳಿ ಯಂತ್ರವನ್ನು ಬಿಚ್ಚಿ ದುರಸ್ತಿ ಮಾಡುತ್ತಿದ್ದಾಗ ‘ವೈರೂನ’ ಎಂಬ ಹಡಗು ಕಾಣಿಸಿತು. ಅಟ್ಟಿಹೋಗುವ ಸ್ಥಿತಿಯಲ್ಲಿ ತೋಳ ಇರಲಿಲ್ಲ, ಮರಿಯನ್ನು ಹಾರಿಸಿತು. ವಿಮಾನವು ‘ನಮ್ಮತ್ತ ಬಾ, ಇಲ್ಲವೆ ಬಾಂಬು ಹಾಕುತ್ತೇವೆ’ ಎಂಬ ಅರ್ಥದ ಚೀಟಿಯನ್ನು ಬೀಳಿಸಿತು. ಹಡಗು ತಾನಾಗಿಯೇ ಬಂದು ಸಿಕ್ಕಿಬಿದ್ದಿತು.

ತೇಲುವ ಸೆರೆಮನೆ

ಹೀಗೆ ಹದಿನಾಲ್ಕು ಹಡಗುಗಳು ಕೈಸೇರಿದವು. ಹಿಡಿದ ಹಡಗಿನ ಜನರನ್ನು ಮೊದಲು ತನ್ನ ಹಡಗಿಗೆ ತಂದುಕೊಂಡು, ಆಮೇಲೆ ಅದನ್ನು ಮುಳುಗಿಸುವುದು ನೆರ್ಗರನ ಪದ್ಧತಿ; ಈ ಮಟ್ಟಿಗೆ ಅವನನ್ನು ಮೆಚ್ಚಬೇಕು. ಆದರೆ ಬಿಡುಗಡೆಯಾದ ಒಬ್ಬನೇ ಸೆರೆಯಾಳು ಎಲ್ಲ ಗುಟ್ಟನ್ನೂ ಬಯಲು ಮಾಡಬಲ್ಲನು. ಆದ್ದರಿಂದ ಯಾರನ್ನೂ ಬಿಡುವಂತಿರಲಿಲ್ಲ. ಮೈನುಗಳು ಖಾಲಿಯಾದ ಉಗ್ರಾಣದಲ್ಲಿ ಇಂಗ್ಲಿಷರು, ಆಸ್ಟ್ರೇಲಿಯನ್ನರು, ಅಮೆರಿಕನ್ನರು, ಜಪಾನಿಯರು, ಮಾರಿಷಸ್ಸಿನ ನಾವಿಕರು ಎಲ್ಲರೂ ತುಂಬಿಕೊಂಡರು. ‘ಬೆಲೂಗ’ ಎಂಬ ಅಮೆರಿಕನ್ ಹಡಗಿನ ಕಪ್ತಾನನೊಡನೆ ಅವನ ಹೆಂಡತಿಯೂ ಪುಟ್ಟ ಮಗಳೂ ಇದ್ದರು. ಆ ಮಗು ಜರ್ಮನ್ ನಾವಿಕರಿಗೂ ಅಚ್ಚುಮೆಚ್ಚಾಯಿತಂತೆ.

ಸೆಪ್ಟೆಂಬರಿನಲ್ಲಿ ಮಾಲ್ದೀವ್ ದ್ವೀಪಗಳ ಬಳಿ ಜಪಾನಿನ ‘ಹಿಟಾಚಿ ಮಾರು’ ಶರಣಾಗದಿದ್ದಾಗ ಗುಂಡಿನೇಟಿಗೆ ಹನ್ನೆರಡಕ್ಕೂ ಹೆಚ್ಚು ಮಂದಿ ಬಲಿಯಾದರು. ತನ್ನವರನ್ನು ಕಳೆದುಕೊಂಡ ಅದರ ಕಪ್ತಾನನು ಮುಂದೆ ಸಮುದ್ರಕ್ಕೆ ಹಾರಿ ಪ್ರಾಣ ಬಿಟ್ಟನು. ಹಸಿರು ತರಕಾರಿ ಕಾಣದೆ ತಿಂಗಳುಗಳು ಕಳೆದಾಗ ಸ್ಕರ್ವಿ ರೋಗ ಹಬ್ಬಿತು. ಆಗ ಕಾವಲುಗಾರನಿಗೂ ಸೆರೆಯಾಳಿಗೂ ಭೇದವುಳಿಯಲಿಲ್ಲ. ಇಬ್ಬರ ಒಸಡಿನಲ್ಲಿಯೂ ರಕ್ತವೇ.

೧೯೧೮ರ ಫೆಬ್ರವರಿ ೨೪ರಂದು, ೪೫೧ ದಿನಗಳ ಬಳಿಕ, ಜರ್ಜರಿತವಾದ ‘ವೋಲ್ಫ್’ ಕೀಲ್ ಬಂದರನ್ನು ಮರಳಿ ಸೇರಿತು. ಅರವತ್ತು ಸಾವಿರಕ್ಕೂ ಮಿಕ್ಕಿದ ಮೈಲಿಗಳ ಯಾತ್ರೆ. ಒಡಲಿನಲ್ಲಿ ನಾನೂರಕ್ಕೂ ಹೆಚ್ಚು ಸೆರೆಯಾಳುಗಳು. ಅದರ ಜೊತೆಗೆ ತರುತ್ತಿದ್ದ ‘ಇಗೋತ್ಸ್ ಮೆಂದಿ’ ಎಂಬ ಸ್ಪೇನ್ ದೇಶದ ಹಡಗು ಡೆನ್ಮಾರ್ಕಿನ ದಂಡೆಯಲ್ಲಿ ಮರಳಿಗೆ ಸಿಕ್ಕಿಕೊಂಡುದರಿಂದ, ಆ ಅಮೆರಿಕನ್ ಕುಟುಂಬವೂ ಇತರ ಕೆಲವರೂ ಮನೆಯ ದಾರಿ ಕಂಡರು.

ನೆರ್ಗರನಿಗೆ ಜರ್ಮನಿಯ ಪರಮೋಚ್ಚ ಪದಕ ದೊರೆಯಿತು. ಎರಡನೆಯ ಮಹಾಯುದ್ಧದ ಬಳಿಕ ಅದೇ ನೆರ್ಗರ್ ಸೋವಿಯತ್ ಸೆರೆಶಿಬಿರದಲ್ಲಿ ೧೯೪೭ರಲ್ಲಿ ತೀರಿಕೊಂಡನು. ‘ವೋಲ್ಫ್’ ಫ್ರಾನ್ಸಿನ ಪಾಲಾಗಿ, ಹೆಸರು ಬದಲಿಸಿಕೊಂಡು ಮತ್ತೆ ಸರಕು ಹೊತ್ತು, ೧೯೩೧ರಲ್ಲಿ ಗುಜರಿಗೆ ಸೇರಿತು.

ಆದರೆ ಮೈನುಗಳಿಗೆ ಯುದ್ಧ ಅಷ್ಟು ಬೇಗ ಮುಗಿಯಲಿಲ್ಲ. ತೋಳ ಮನೆ ಸೇರಿ ನಾಲ್ಕು ತಿಂಗಳಾದ ಮೇಲೆ, ೧೯೧೮ರ ಜೂನ್ ೨೬ರಂದು, ಅದು ವರ್ಷದ ಹಿಂದೆ ಬಿಟ್ಟುಹೋಗಿದ್ದ ಮೈನಿಗೆ ತಾಗಿ ನ್ಯೂಜಿಲೆಂಡಿನ ಬಳಿ ‘ವಿಮ್ಮೆರ’ ಎಂಬ ಪ್ರಯಾಣಿಕರ ಹಡಗು ಮುಳುಗಿತು. ೨೬ ಮಂದಿ ಸತ್ತರು. ಕಪ್ತಾನನ ಸಾಹಸವನ್ನು ಹೊಗಳುವ ಗ್ರಂಥಗಳು ಬಹಳವಿವೆ. ನಮ್ಮ ಎದುರಿನ ಕಡಲಿನಲ್ಲಿ ಮಡಿದ ಖಲಾಸಿಗಳ ಹೆಸರನ್ನು ಮಾತ್ರ ಇಂದು ಕೇಳುವವರಿಲ್ಲ. ಮುಂದಿನ ಸಂಜೆ ಅಪೋಲೋ ಬಂದರಿನಲ್ಲಿ ಕುಳಿತಾಗ ಒಂದು ಕ್ಷಣ ಅವರನ್ನೂ ನೆನೆಯೋಣ.