ಹಗಲೆಷ್ಟು, ದಾರಿಯೆಷ್ಟು? ಐಸ್‌ಲೆಂಡ್ ಸುತ್ತುವವರ ಲೆಕ್ಕ

ಡಿಸೆಂಬರ್ 21ರಂದು ಐಸ್‌ಲೆಂಡ್‌ನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 11 ಗಂಟೆ 20 ನಿಮಿಷದ ಸುಮಾರಿಗೆ. ಮುಳುಗುವುದು ಮಧ್ಯಾಹ್ನ ಮೂರೂವರೆಗೆ! ಹಗಲಿನ ಆಯಸ್ಸು ನಾಲ್ಕು ಗಂಟೆಗಿಂತ ತುಸುವೇ ಹೆಚ್ಚು. ಅದೇ ದಿನ ಬೆಂಗಳೂರಿನವರಿಗೆ ಹನ್ನೊಂದು ಗಂಟೆಗೂ ಮೀರಿ ಬಿಸಿಲು ಸಿಕ್ಕಿರುತ್ತದೆ. ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿದೆ ಎಂದು ಪಾಠದಲ್ಲಿ ಓದುವ ಮಾತು ಅಲ್ಲಿ ಪ್ರತಿಯೊಬ್ಬರ ದಿನಚರಿಯನ್ನೇ ನಿರ್ಧರಿಸುತ್ತದೆ. ಬಾಡಿಗೆ ಕಾರು ಹಿಡಿದು ಆ ದ್ವೀಪವನ್ನು ಒಂದು ಸುತ್ತು ಹಾಕಬೇಕೆಂದು ಹೊರಟವರಿಗಂತೂ ಅದು ಜೀವದ ಪ್ರಶ್ನೆಯೇ ಆಗಬಹುದು.

ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ, ಉತ್ತರಧ್ರುವ ವೃತ್ತಕ್ಕೆ ಅಂಟಿಕೊಂಡಂತೆ ಇರುವ ಐಸ್‌ಲೆಂಡ್‌ನ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರ್. ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆ ಮಾತ್ರ ನಾಲ್ಕು ಲಕ್ಷದೊಳಗೆ. ನಡುವೆ ಹಿಮನದಿಗಳು, ಜ್ವಾಲಾಮುಖಿಗಳು, ಲಾವಾ ಬಯಲುಗಳು, ಜನವಸತಿಯೆಲ್ಲ ಅಂಚಿನಲ್ಲಿ. ಆ ಅಂಚನ್ನು ಹಿಡಿದು ದ್ವೀಪವನ್ನು ಸುತ್ತುವ ಒಂದನೇ ನಂಬರಿನ ಹೆದ್ದಾರಿಗೆ ವರ್ತುಲ ರಸ್ತೆ ಎಂದೇ ಹೆಸರು. ಉದ್ದ 1,322 ಕಿಲೋಮೀಟರ್. ದಕ್ಷಿಣದ ನದಿ ಬಯಲುಗಳ ಮೇಲೆ ಸೇತುವೆಗಳನ್ನು ಕಟ್ಟಿ 1974ರಲ್ಲಿ ಈ ವರ್ತುಲವನ್ನು ಪೂರ್ಣಗೊಳಿಸಲಾಯಿತು. ಅದಕ್ಕೆ ಮೊದಲು ದ್ವೀಪವನ್ನು ರಸ್ತೆಯಲ್ಲೇ ಪೂರ್ತಿ ಸುತ್ತುವಂತಿರಲಿಲ್ಲ.

ಜೂನ್, ಜುಲೈ, ಆಗಸ್ಟ್ ಅಲ್ಲಿನ ಪ್ರವಾಸಿಗರ ಸುಗ್ಗಿ. ಆಗ ಹಗಲು ಇಪ್ಪತ್ತೊಂದು ಗಂಟೆಯವರೆಗೂ ಇರುತ್ತದೆ; ಬಾಡಿಗೆಯೂ ಮುಗಿಲು ಮುಟ್ಟಿರುತ್ತದೆ. ಸೆಪ್ಟೆಂಬರ್ ಕಳೆದರೆ ಕಾರು, ಕೋಣೆಗಳ ದರ ಇಳಿಯುತ್ತದೆ, ಜಲಪಾತಗಳ ಮುಂದೆ ನೂಕುನುಗ್ಗಲು ಇರುವುದಿಲ್ಲ. ಕತ್ತಲೆ ಮರಳುವುದರಿಂದ ಆಕಾಶದಲ್ಲಿ ಹಸಿರು ಧ್ರುವಪ್ರಭೆಯನ್ನು ಕಾಣುವ ಅವಕಾಶವೂ ಉಂಟು. ಆದರೆ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಅಷ್ಟರಲ್ಲಿ ಕಡಲಿಗೆ ಹೋಗಿಬಿಟ್ಟಿರುತ್ತವೆ. ಒಳನಾಡಿನ ಬೆಟ್ಟದ ರಸ್ತೆಗಳು ಹಿಮ ಬಿದ್ದು ಮುಚ್ಚುತ್ತವೆ. ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಮೊದಲೇ ಬರೆದಿಟ್ಟುಕೊಂಡರೆ ನಿರಾಸೆ ಇಲ್ಲ.

ಹಗಲಿನ ಜಮಾ-ಖರ್ಚು

ಮನೆಯ ಖರ್ಚಿಗೆ ಬಜೆಟ್ ಇರುವಂತೆ ಈ ಪ್ರವಾಸಕ್ಕೆ ಬೆಳಕಿನ ಬಜೆಟ್ ಬೇಕು. ರೇಕ್ಯಾವಿಕ್‌ನಲ್ಲಿ ಸೆಪ್ಟೆಂಬರ್ 22ರ ಸುಮಾರಿಗೆ ಹಗಲು 12 ಗಂಟೆ. ಅಕ್ಟೋಬರ್ ಮಧ್ಯದಲ್ಲಿ ಹತ್ತು ಗಂಟೆಗೆ ತುಸು ಕಡಿಮೆ. ನವೆಂಬರ್ ಮಧ್ಯದಲ್ಲಿ ಆರೂವರೆ. ಎಂದರೆ ದಿನಕ್ಕೆ ಆರೇಳು ನಿಮಿಷ ಸೋರಿಹೋಗುತ್ತಿರುತ್ತದೆ. ಹತ್ತು ದಿನದ ಪ್ರವಾಸದಲ್ಲಿ ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಒಂದು ಗಂಟೆಯ ಅಂತರ ಬೀಳುತ್ತದೆ.

ಇನ್ನೊಂದು ವಿಚಿತ್ರವಿದೆ. ಅಲ್ಲಿನ ಗಡಿಯಾರ ವರ್ಷವಿಡೀ ಗ್ರೀನಿಚ್ ಸಮಯವನ್ನೇ ತೋರಿಸುತ್ತದೆ. ರೇಕ್ಯಾವಿಕ್ ಇರುವುದು ಪಶ್ಚಿಮ ರೇಖಾಂಶ 22 ಡಿಗ್ರಿಯ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ 88 ನಿಮಿಷ ವ್ಯತ್ಯಾಸ. ಹಾಗಾಗಿ ಸೂರ್ಯ ನೆತ್ತಿಯ ದಿಕ್ಕಿಗೆ ಬರುವಾಗ ಗಡಿಯಾರದಲ್ಲಿ ಮಧ್ಯಾಹ್ನ ಒಂದೂವರೆ ಆಗಿರುತ್ತದೆ. ಬೆಳಿಗ್ಗೆ ಏಳಕ್ಕೇ ಹೊರಟುಬಿಡೋಣ ಎನ್ನುವ ನಮ್ಮ ಅಭ್ಯಾಸ ನವೆಂಬರ್‌ನಲ್ಲಿ ಅಲ್ಲಿ ಫಲಿಸದು; ಏಳಕ್ಕೆ ಅಲ್ಲಿ ನಡುರಾತ್ರಿಯ ಕತ್ತಲೆ. ಸೂರ್ಯ ಓರೆಯಾಗಿ ಏರಿ ಓರೆಯಾಗಿ ಇಳಿಯುವುದರಿಂದ ಮುಂಬೆಳಗು, ಮುಸ್ಸಂಜೆಗಳು ನಮ್ಮಲ್ಲಿಗಿಂತ ದೀರ್ಘ ಎಂಬುದೊಂದು ಸಮಾಧಾನ.

ಒಂದು ದಿನದ ಲೆಕ್ಕ ನೋಡೋಣ. ದಕ್ಷಿಣ ಕರಾವಳಿಯ ವೀಕ್ ಎಂಬ ಊರಿನಿಂದ ಹಪ್ನ್ ಎಂಬ ಬಂದರಿಗೆ ಸುಮಾರು 270 ಕಿಲೋಮೀಟರ್. ಡಾಂಬರು ರಸ್ತೆಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಭಾಗಿಸಿದರೆ ಮೂರು ಗಂಟೆ. ಆದರೆ ಮಳೆ, ಗಾಳಿ, ಹಿಮ ಸೇರಿದಾಗ ಸರಾಸರಿ 60 ಎಂದು ಹಿಡಿಯುವುದೇ ವಿವೇಕ. ಆಗ ನಾಲ್ಕೂವರೆ ಗಂಟೆ. ಹಿಮನದಿಯ ತುಂಡುಗಳು ತೇಲುವ ಯೋಕುಲ್ಸಾರ್ಲೋನ್ ಸರೋವರದ ಬಳಿ ಒಂದೂವರೆ ಗಂಟೆ, ಊಟಕ್ಕೂ ಪೆಟ್ರೋಲಿಗೂ ಒಂದು ಗಂಟೆ. ಒಟ್ಟು ಏಳು. ಅಕ್ಟೋಬರ್ ಮಧ್ಯದಲ್ಲಿ ಇದು ನಿರಾಯಾಸ. ನವೆಂಬರ್ ಮಧ್ಯದಲ್ಲಿ ಕೊನೆಯ ಅರ್ಧ ಗಂಟೆ ಸೂರ್ಯನಿಲ್ಲದ ದಾರಿ. ಡಿಸೆಂಬರ್‌ನಲ್ಲಿ ಇದೇ ಯೋಜನೆ ಹುಚ್ಚುತನ!

ಗಂಟೆಗೆ 60ರಂತೆ ಇಡೀ ವರ್ತುಲಕ್ಕೆ 22 ಗಂಟೆಯ ಚಾಲನೆ ಬೇಕು. ದಿನಕ್ಕೆ ನಾಲ್ಕೂವರೆ ಗಂಟೆಯಂತೆ ಐದು ದಿನ. ಅದರ ಮೇಲೆ ಕನಿಷ್ಠ ಎರಡು ಖಾಲಿ ದಿನಗಳನ್ನು ಸೇರಿಸಬೇಕು. ಖಾಲಿ ದಿನ ಸೋಮಾರಿತನವಲ್ಲ. ಬಿರುಗಾಳಿಗೆ ರಸ್ತೆ ಮುಚ್ಚಿದಾಗ ಖರ್ಚು ಮಾಡುವ ಠೇವಣಿ.

ಗಾಳಿಯ ವರ್ಗ, ಬ್ರೇಕಿನ ವರ್ಗ

ಹೆಸರಿಗೆ ಐಸ್ ಇದ್ದರೂ ರೇಕ್ಯಾವಿಕ್‌ನ ಜನವರಿಯ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ. ಗಲ್ಫ್ ಪ್ರವಾಹದ ಮುಂದುವರಿಕೆಯಾದ ಬೆಚ್ಚನೆಯ ಸಾಗರ ಪ್ರವಾಹ ದ್ವೀಪವನ್ನು ಕಾಯುತ್ತದೆ. ಅಪಾಯ ಇರುವುದೂ ಇಲ್ಲಿಯೇ. ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದ ಗಾಜಿನಂಥ ಪದರವಾಗಿ ಡಾಂಬರಿನ ಮೇಲೆ ಕೂರುತ್ತದೆ.

ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಒಣ ರಸ್ತೆಯ ಘರ್ಷಣ ಗುಣಾಂಕ 0.7 ಎಂದು ಹಿಡಿದರೆ ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಸುಮಾರು 46 ಮೀಟರ್ ಸಾಕು. ಮಂಜುಗಡ್ಡೆಯ ಮೇಲೆ ಗುಣಾಂಕ 0.1ಕ್ಕೆ ಇಳಿದರೆ ಅದೇ ಕಾರಿಗೆ 319 ಮೀಟರ್ ಬೇಕು! ವೇಗವನ್ನು ಅರ್ಧ ಮಾಡಿದರೆ ದೂರ ಕಾಲುಭಾಗಕ್ಕೆ, ಅಂದರೆ ಸುಮಾರು 80 ಮೀಟರಿಗೆ ಇಳಿಯುತ್ತದೆ. ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿದೆ ಎಂಬ ಸೂತ್ರದ ಅರ್ಥ ಇಷ್ಟೇ: ನಿಧಾನವೇ ಬ್ರೇಕು.

ಗಾಳಿಯದೂ ಇದೇ ಕತೆ. ಅಲ್ಲಿನ ಹವಾಮಾನ ಇಲಾಖೆ ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಕೊಡುತ್ತದೆ. 20 ಎಂದು ಕಂಡರೆ ಕಡಿಮೆ ಎಂದುಕೊಳ್ಳಬಾರದು. 18ರಿಂದ ಗುಣಿಸಿ 5ರಿಂದ ಭಾಗಿಸಿದರೆ ಗಂಟೆಗೆ 72 ಕಿಲೋಮೀಟರ್. ಆ ಗಾಳಿ ಚದರ ಮೀಟರಿಗೆ ಸುಮಾರು 250 ನ್ಯೂಟನ್ ಒತ್ತುತ್ತದೆ. ತೆರೆದ ಕಾರಿನ ಬಾಗಿಲ ಮೇಲೆ 25 ಕಿಲೋ ತೂಕ ಹೇರಿದಂತೆ. ವೇಗ 30 ಆದರೆ ಅದು 55 ಕಿಲೋ ದಾಟುತ್ತದೆ. ಬಾಗಿಲು ಹಿಂದಕ್ಕೆ ಮಡಚಿ ಕೀಲು ಮುರಿಯುವುದು ಅಲ್ಲಿ ಅಪರೂಪವಲ್ಲ. ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಬೇಕು. ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಬೇಕು. ಹಿಂದಿನ ಸೀಟಿನ ಮಕ್ಕಳು ದೊಡ್ಡವರು ಹೇಳುವವರೆಗೆ ಹಿಡಿಕೆ ಮುಟ್ಟಬಾರದು.

ಕಾಗದ ಪತ್ರ ಮತ್ತು ಕಾರು

ನಮ್ಮವರು ಹೊರಡುವ ಮೊದಲು ಆರ್‌ಟಿಓ ಕಚೇರಿಯಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು, ಮೂಲ ಲೈಸೆನ್ಸಿನೊಂದಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ಅವಧಿ ಒಂದು ವರ್ಷ. ಐಸ್‌ಲೆಂಡ್‌ನಲ್ಲಿ 1968ರ ಮೇ 26ರಿಂದ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ; ಸ್ಟೀರಿಂಗ್ ಎಡಕ್ಕೆ. ಅಭ್ಯಾಸವಾಗುವವರೆಗೆ ಪಕ್ಕದಲ್ಲಿ ಕೂತವರೂ ಎಚ್ಚರವಿರಬೇಕು.

ಕಾರಿನ ಬಾಡಿಗೆಗಿಂತ ವಿಮೆಯ ಕಾಗದವನ್ನು ಹೆಚ್ಚು ಗಮನವಿಟ್ಟು ಓದಬೇಕು. ಜಲ್ಲಿಕಲ್ಲಿಗೆ ಗಾಜು ಒಡೆದರೆ, ಮರಳು-ಬೂದಿಯ ಗಾಳಿಗೆ ಬಣ್ಣ ಕಿತ್ತರೆ ಸಾಮಾನ್ಯವಾಗಿ ಬೇರೆಯೇ ವಿಮೆ ಬೇಕು. ಗಾಳಿಗೆ ಮುರಿದ ಬಾಗಿಲು, ಹೊಳೆಗೆ ಇಳಿಸಿ ಕೆಟ್ಟ ಎಂಜಿನ್ ಇವುಗಳನ್ನು ಬಹುತೇಕ ವಿಮೆಗಳು ಒಪ್ಪುವುದಿಲ್ಲ. ಚಳಿಗಾಲದ ಟೈರು ಇದೆಯೇ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ತಲುಪುತ್ತದೆಯೇ ಎಂದು ಮೊದಲೇ ಕೇಳಬೇಕು. ಆಳಿಲ್ಲದ ಪೆಟ್ರೋಲ್ ಬಂಕುಗಳೇ ಹೆಚ್ಚು. ಕಾರ್ಡಿನ ಗುಪ್ತಸಂಖ್ಯೆ ನೆನಪಿರಬೇಕು. ಟ್ಯಾಂಕು ಅರ್ಧಕ್ಕಿಳಿದರೆ ಮುಂದಿನ ಬಂಕಿನಲ್ಲಿ ತುಂಬಿಸುವುದು ನಿಯಮವಾಗಲಿ.

ಹಗಲಿರುಳೂ ದೀಪ ಹಚ್ಚಿಯೇ ಓಡಿಸಬೇಕೆಂಬುದು ಅಲ್ಲಿನ ಕಾನೂನು. ರಸ್ತೆ ಬಿಟ್ಟು ಬಯಲಿಗೆ ಕಾರು ಇಳಿಸುವುದು ಅಪರಾಧ; ಅಲ್ಲಿ ತುಳಿದ ಪಾಚಿ ಮತ್ತೆ ಬೆಳೆಯಲು ದಶಕಗಳೇ ಬೇಕು. ಒಂದೇ ವಾಹನ ಹೋಗುವಷ್ಟು ಅಗಲದ ಸೇತುವೆಗಳಲ್ಲಿ ಮೊದಲು ಬಂದವರಿಗೆ ಮೊದಲ ದಾರಿ. ತುರ್ತು ಸಹಾಯಕ್ಕೆ ದೂರವಾಣಿ ಸಂಖ್ಯೆ 112.

ಸೇತುವೆ ಕಲಿಸಿದ ಪಾಠ

1974ರಲ್ಲಿ ವರ್ತುಲವನ್ನು ಪೂರ್ಣಗೊಳಿಸಿದ ಸೇತುವೆಗಳಲ್ಲಿ ಸ್ಕೇಡರಾ ನದಿಯದು ದೊಡ್ಡದು; ಉದ್ದ 880 ಮೀಟರ್. 1996ರ ಸೆಪ್ಟೆಂಬರ್ 30ರಂದು ವಾಟ್ನಯೋಕುಲ್ ಎಂಬ ಭಾರಿ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಒಳಗೇ ಶೇಖರವಾಗಿ ನವೆಂಬರ್ 5ರಂದು ಹೊರನುಗ್ಗಿತು. ಮನೆಗಾತ್ರದ ಮಂಜುಗಡ್ಡೆಗಳು ತೇಲಿಬಂದು ಆ ಸೇತುವೆಯ ಒಂದು ಭಾಗವನ್ನೂ ಸಮೀಪದ ಇನ್ನೊಂದು ಸೇತುವೆಯನ್ನೂ ಕೊಚ್ಚಿಹಾಕಿದವು. ಪ್ರಳಯ ಬರಲಿದೆಯೆಂದು ವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದರು, ರಸ್ತೆಯನ್ನು ಮುಚ್ಚಲಾಗಿತ್ತು. ಒಂದು ಜೀವವೂ ಹೋಗಲಿಲ್ಲ. ತಿರುಚಿದ ಉಕ್ಕಿನ ತೊಲೆಗಳನ್ನು ದಾರಿಯ ಪಕ್ಕದಲ್ಲೇ ಸ್ಮಾರಕವಾಗಿ ಇಟ್ಟಿದ್ದಾರೆ.

ಇದಕ್ಕೆ ತದ್ವಿರುದ್ಧದ ಪಾಠ ವೀಕ್ ಬಳಿಯ ರೇನಿಸ್‌ಫ್ಯಾರಾದ ಕಪ್ಪು ಮರಳಿನ ಕಡಲತೀರದಲ್ಲಿದೆ. ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ದೊಡ್ಡ ಅಲೆ ದಡದ ಒಳಕ್ಕೆ ನುಗ್ಗುತ್ತದೆ. ಎಚ್ಚರಿಕೆಯ ಫಲಕಗಳಿದ್ದರೂ ನೀರಿನ ಹತ್ತಿರ ಹೋದ ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ.

ಆದುದರಿಂದ ಪ್ರತಿದಿನ ಹೊರಡುವ ಮೊದಲು ರಸ್ತೆ ಇಲಾಖೆಯ ನಕ್ಷೆಯನ್ನೂ ಹವಾಮಾನ ಮುನ್ಸೂಚನೆಯನ್ನೂ ನೋಡುವ ಕೆಲಸವನ್ನು ಮನೆಯ ಮಗನಿಗೋ ಮಗಳಿಗೋ ವಹಿಸಬಹುದು. ವೇಗ, ದೂರ, ಹಗಲಿನ ಲೆಕ್ಕವನ್ನು ಅವರೇ ಮಾಡಲಿ. ಹೋಗುವುದು ಬೇಡ ಎಂದು ಲೆಕ್ಕ ಹೇಳಿದ ದಿನ, ಎಷ್ಟೇ ಹಣ ಕಟ್ಟಿದ್ದರೂ, ದೊಡ್ಡವರು ಅದಕ್ಕೆ ತಲೆಬಾಗಬೇಕು. ಅಂಥ ದಿನ ಸಣ್ಣ ಸಣ್ಣ ಊರುಗಳಲ್ಲೂ ಇರುವ ಭೂಶಾಖದ ಬಿಸಿನೀರಿನ ಈಜುಕೊಳದಲ್ಲಿ ಕಳೆಯಬಹುದು. ವಿಮಾನದ ಟಿಕೆಟ್ ಕೊಳ್ಳಲಾಗದವರೂ ಭೂಪಟ, ಪೆನ್ಸಿಲು ಹಿಡಿದು ಊಟದ ಮೇಜಿನ ಮೇಲೆ ಈ ಸುತ್ತನ್ನು ಯೋಜಿಸಬಹುದು. ಆ ಲೆಕ್ಕ ಮುಂದೆ ಮಳೆಗಾಲದಲ್ಲಿ ನಮ್ಮದೇ ಘಟ್ಟ ಇಳಿಯುವಾಗಲೂ ಕೆಲಸಕ್ಕೆ ಬರುತ್ತದೆ.