ಹೊಸ ನಿಯಮ, ಹಳೆಯ ದವಾಖಾನೆ

ಉತ್ತರ ಕರ್ನಾಟಕದ ಕಡೆಯವರು ಆಸ್ಪತ್ರೆಗೆ ಈಗಲೂ ದವಾಖಾನೆ ಅಂತಲೇ ಹೇಳುತ್ತಾರೆ. ಉರ್ದುವಿನಲ್ಲೂ ಅದೇ ಪದ. ದವಾ ಅಂದರೆ ಔಷಧ, ಖಾನೆ ಅಂದರೆ ಮನೆ, ಜಾಗ. ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿರುವ ನಾವು ಒಂದು ಆಸ್ಪತ್ರೆಯ ಬಗ್ಗೆ ವಿಚಾರಿಸುವಾಗ ‘ದವಾ’ದ ಬಗ್ಗೆ ಬಹಳ ಕೇಳುತ್ತೇವೆ. ಡಾಕ್ಟರ್ ಯಾರು, ಬಿಲ್ಲು ಎಷ್ಟಾದೀತು, ಇನ್ಶೂರೆನ್ಸ್ ನಡೆಯುತ್ತದೆಯೇ, ಹೀಗೆ. ‘ಖಾನೆ’ಯ ಬಗ್ಗೆ ಕೇಳುವವರು ಕಡಿಮೆ. ಮೆಟ್ಟಿಲು ಎಷ್ಟು ಅಗಲ ಇದೆ, ಎರಡನೆಯ ದಾರಿ ಎಲ್ಲಿದೆ, ರಾತ್ರಿ ಬೆಂಕಿ ಬಿದ್ದರೆ ಐಸಿಯುನಲ್ಲಿ ಮಲಗಿದವರನ್ನು ಯಾವ ಬಾಗಿಲಿಂದ ಹೊರಗೆ ತರುತ್ತಾರೆ? ಇದನ್ನು ಯಾರು ಕೇಳುತ್ತಾರೆ ಹೇಳಿ.

ಕೇಳಬೇಕಾದ ಕಾರಣ ಇದೆ. ಮಹಾರಾಷ್ಟ್ರದ 2021ನೇ ವರ್ಷವೊಂದನ್ನೇ ನೋಡಿ. ಜನವರಿ 9ರ ನಸುಕಿನಲ್ಲಿ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ಘಟಕಕ್ಕೆ ಬೆಂಕಿ ಬಿತ್ತು. ಒಳಗಿದ್ದ 17 ಹಸುಗೂಸುಗಳಲ್ಲಿ 7 ಉಳಿದವು, 10 ತೀರಿಕೊಂಡವು. ಮಾರ್ಚ್‌ನಲ್ಲಿ ಮುಂಬೈನ ಭಾಂಡೂಪ್‌ನಲ್ಲಿ ಮಾಲ್ ಒಂದರ ಮೇಲಿನ ಮಹಡಿಯಲ್ಲಿದ್ದ ಕೋವಿಡ್ ಆಸ್ಪತ್ರೆ. ಏಪ್ರಿಲ್ 23ಕ್ಕೆ ವಿರಾರ್‌ನ ಆಸ್ಪತ್ರೆಯೊಂದರ ಐಸಿಯು, 15 ರೋಗಿಗಳು. ನವೆಂಬರ್ 6ಕ್ಕೆ ಅಹಮದ್‌ನಗರ ಸಿವಿಲ್ ಆಸ್ಪತ್ರೆಯ ಐಸಿಯು, 11 ಮಂದಿ. ಮೂರು ವರ್ಷ ಕಳೆದು 2024ರ ನವೆಂಬರ್ 15ರ ರಾತ್ರಿ ಉತ್ತರ ಪ್ರದೇಶದ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲಿ ಮತ್ತೆ ನವಜಾತ ಶಿಶುಗಳ ಘಟಕ, ಮತ್ತೆ 10 ಕೂಸುಗಳು.

ಹಾಗಾದರೆ ಆಸ್ಪತ್ರೆ ಹೇಗೆ ಕಟ್ಟಬೇಕು ಎಂಬ ನಿಯಮವೇ ನಮ್ಮ ದೇಶದಲ್ಲಿ ಇಲ್ಲವೇ? ಇದೆ. ಚೆನ್ನಾಗಿಯೇ ಇದೆ. ಆದರೆ ಪುಸ್ತಕದಲ್ಲಿರುವ ನಿಯಮ ಕಟ್ಟಡಕ್ಕೆ ಬರುವ ದಾರಿಯಲ್ಲಿ ಮೂರು ಕಡೆ ನಿಂತುಬಿಡುತ್ತದೆ. ಆ ಮೂರು ಕಡೆ ಯಾವುವು ಎಂದು ತಿಳಿದುಕೊಳ್ಳೋಣ.

ಆಸ್ಪತ್ರೆ ಯಾಕೆ ಬೇರೆ ಕಟ್ಟಡದ ಹಾಗಲ್ಲ

ನಾವು ಶಾಲೆಯಲ್ಲಿ ಬೆಂಕಿಯ ತಾಲೀಮು ಮಾಡಿಸುತ್ತೇವೆ. ಗಂಟೆ ಹೊಡೆದರೆ ಮಕ್ಕಳು ಸಾಲಾಗಿ ಮೆಟ್ಟಿಲಿಳಿದು ಮೈದಾನಕ್ಕೆ ಬರುತ್ತಾರೆ. ಮನೆ, ಆಫೀಸು, ಅಂಗಡಿ, ಎಲ್ಲ ಕಡೆ ಲೆಕ್ಕ ಇದೇ: ಎಚ್ಚರವಿರುವ, ಕಾಲಿರುವ ಮನುಷ್ಯ ತಾನೇ ಓಡಿ ಹೊರಗೆ ಬರುತ್ತಾನೆ. ಆಸ್ಪತ್ರೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ವೆಂಟಿಲೇಟರ್ ಮೇಲಿರುವವರು, ಆಪರೇಷನ್ ಟೇಬಲ್ ಮೇಲೆ ಮಲಗಿದವರು, ಕಾಲಿಗೆ ತೂಕ ಕಟ್ಟಿಸಿಕೊಂಡವರು, ವಾರ್ಮರ್‌ನೊಳಗಿನ ಕೂಸು. ಇವರಲ್ಲಿ ಯಾರೂ ಗಂಟೆ ಕೇಳಿ ಎದ್ದು ಓಡುವವರಲ್ಲ.

ಅದಕ್ಕೇ ಆಸ್ಪತ್ರೆಯ ವಿನ್ಯಾಸದಲ್ಲಿ ಮೂಲ ಸೂತ್ರವೇ ಬೇರೆ. ರೋಗಿಯನ್ನು ಮೊದಲು ಕೆಳಕ್ಕೆ ಇಳಿಸಲು ಹೋಗಬಾರದು, ಪಕ್ಕಕ್ಕೆ ಸರಿಸಬೇಕು. ಒಂದೊಂದು ಮಹಡಿಯನ್ನೂ ಬೆಂಕಿ ತಡೆಯುವ ಗೋಡೆ, ಬಾಗಿಲುಗಳಿಂದ ಕನಿಷ್ಠ ಎರಡು ಭಾಗ ಮಾಡಿರಬೇಕು. ಒಂದು ಭಾಗದಲ್ಲಿ ಬೆಂಕಿ ಬಿದ್ದರೆ ಮಂಚದ ಸಮೇತ ರೋಗಿಯನ್ನು ಅದೇ ಮಹಡಿಯ ಇನ್ನೊಂದು ಭಾಗಕ್ಕೆ ತಳ್ಳಿಕೊಂಡು ಹೋಗುವುದು. ಅಲ್ಲಿ ಸ್ವಲ್ಪ ಸಮಯ ಸಿಗುತ್ತದೆ, ಅಷ್ಟರಲ್ಲಿ ಅಗ್ನಿಶಾಮಕ ದಳ ಬರುತ್ತದೆ.

ಈ ಸೂತ್ರ ಹಿಡಿದರೆ ಉಳಿದ ಅಳತೆಗಳು ತಾವಾಗಿ ಅರ್ಥವಾಗುತ್ತವೆ. ಆಸ್ಪತ್ರೆಯ ಕಾರಿಡಾರಿಗೆ 8 ಅಡಿ, ಅಂದರೆ ಸುಮಾರು 2.4 ಮೀಟರ್ ಅಗಲ ಬೇಕು ಅನ್ನುವುದು ಯಾಕೆ? ಎರಡು ಮಂಚ ಎದುರುಬದುರಾದರೆ ಒಂದರ ಪಕ್ಕ ಒಂದು ದಾಟಿ ಹೋಗಬೇಕು, ಬಾಗಿಲ ಹತ್ತಿರ ಮಂಚ ತಿರುಗಬೇಕು. ಅದೇ ಕಾರಿಡಾರಿನಲ್ಲಿ ಹಳೇ ಬೀರು, ಸಿಲಿಂಡರು, ಸಂಬಂಧಿಕರ ಬೆಂಚು ಇಟ್ಟರೆ ನಕ್ಷೆಯಲ್ಲಿರುವ 8 ಅಡಿ ನಿಜದಲ್ಲಿ 4 ಅಡಿ ಆಗುತ್ತದೆ.

ಇನ್ನೊಂದು ಮಾತು ಹೊಗೆಯದು. ಇಂಥ ದುರಂತಗಳಲ್ಲಿ ಬೆಂಕಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. 2011ರ ಡಿಸೆಂಬರ್ 9ರಂದು ಕೊಲ್ಕತ್ತಾದ ಎಎಮ್‌ಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಹುಟ್ಟಿದ್ದು ಬೇಸ್‌ಮೆಂಟಿನಲ್ಲಿ. ಗಾಡಿ ನಿಲ್ಲಿಸಬೇಕಿದ್ದ ಆ ಜಾಗದಲ್ಲಿ ಉರಿಯುವ ಸಾಮಾನು ತುಂಬಿದ್ದರು. ಹೊಗೆ ಕಟ್ಟಡದ ಕೊಳವೆ ದಾರಿಗಳಲ್ಲಿ ಏರಿ ಮೇಲಿನ ವಾರ್ಡುಗಳಿಗೆ ನುಗ್ಗಿತು. ಹೊರಗೋಡೆಗೆ ಗಾಜು ಮುಚ್ಚಿದ್ದರಿಂದ ಹೊಗೆ ಹೊರಗೆ ಹೋಗಲಿಲ್ಲ, ಬಿಡಿಸಲು ಬಂದವರು ಗಾಜು ಒಡೆಯಬೇಕಾಯಿತು. ಸುಮಾರು 90 ಮಂದಿ ತೀರಿಕೊಂಡರು, ಹೆಚ್ಚಿನವರು ಉಸಿರುಗಟ್ಟಿ. ಕೇರಳದ ಇಬ್ಬರು ನರ್ಸ್‌ಗಳು ಎಂಟು ಮಂದಿ ರೋಗಿಗಳನ್ನು ಹೊರಗೆ ಸಾಗಿಸಿ, ಒಂಬತ್ತನೆಯವರಿಗಾಗಿ ಒಳಗೆ ಹೋದವರು ಬದುಕಿ ಬರಲಿಲ್ಲ. ಅವರ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಆದರೆ ಕಟ್ಟಡ ಮಾಡಬೇಕಾದ ಕೆಲಸವನ್ನು ಇಬ್ಬರು ಹುಡುಗಿಯರು ಮಾಡಬೇಕಾಯಿತು ಅನ್ನುವುದನ್ನೂ ಮರೆಯಬಾರದು.

ಮೊದಲ ತಡೆ: ಸಲಹೆ, ಕಾನೂನು

ನಮ್ಮ ದೇಶದ ದೊಡ್ಡ ಪುಸ್ತಕ ರಾಷ್ಟ್ರೀಯ ಕಟ್ಟಡ ಸಂಹಿತೆ. ಭಾರತೀಯ ಮಾನಕ ಬ್ಯೂರೋ ಹೊರತರುತ್ತದೆ. ಮೊದಲು ಬಂದದ್ದು 1970ರಲ್ಲಿ. ಆಮೇಲೆ 1983, 2005, 2016ರಲ್ಲಿ ಪರಿಷ್ಕರಣೆ ಆಯಿತು. ಇದರ 4ನೇ ಭಾಗ ಇಡಿಯಾಗಿ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ಮನೆಗಳು ಎ ಗುಂಪು, ಶಾಲೆಗಳು ಬಿ ಗುಂಪು, ಆಸ್ಪತ್ರೆಗಳು ಸಿ ಗುಂಪು. ಆಸ್ಪತ್ರೆಯ ಮೆಟ್ಟಿಲು ಕನಿಷ್ಠ 2 ಮೀಟರ್ ಅಗಲ ಇರಬೇಕೆಂದು ಅದು ಹೇಳುತ್ತದೆ.

ಆದರೆ ಈ ಸಂಹಿತೆ ತಾನಾಗಿ ಕಾನೂನಲ್ಲ, ಸಲಹೆ. ಕಟ್ಟಡಕ್ಕೆ ಪರವಾನಗಿ, ಅಗ್ನಿಶಾಮಕ ದಳ, ಇವೆಲ್ಲ ರಾಜ್ಯ ಮತ್ತು ನಗರಸಭೆಗಳ ಕೈಯಲ್ಲಿವೆ. ಒಂದು ರಾಜ್ಯ ತನ್ನ ಬೈಲಾದಲ್ಲಿ ಅಥವಾ ಅಗ್ನಿ ಸುರಕ್ಷತಾ ಕಾಯ್ದೆಯಲ್ಲಿ ಸೇರಿಸಿಕೊಂಡಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ಸಂಹಿತೆಯ ಹೊಸ ಆವೃತ್ತಿ ಬಂದರೂ ರಾಜ್ಯದ ಬೈಲಾ ಹಳೆಯದನ್ನೇ ಹಿಡಿದುಕೊಂಡಿದ್ದರೆ ಪಾಸಾಗುವ ನಕ್ಷೆಯೂ ಹಳೆಯ ಲೆಕ್ಕದ್ದೇ.

ಇದು ನಮ್ಮಲ್ಲಿ ಮಾತ್ರ ಅಂತಲ್ಲ. ಅಮೆರಿಕದಲ್ಲಿ ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಗಳು ಜೀವ ಸುರಕ್ಷತಾ ಸಂಹಿತೆಯೊಂದನ್ನು ಪಾಲಿಸಬೇಕು. ಅದರ 2000ದ ಆವೃತ್ತಿಯೇ 2016ರವರೆಗೆ ನಡೆಯಿತು. 2016ರಲ್ಲಿ ಸರ್ಕಾರ ಒಪ್ಪಿಕೊಂಡದ್ದು 2012ರ ಆವೃತ್ತಿಯನ್ನು. ತಡವಾಯಿತು ನಿಜ. ಆದರೆ ಒಪ್ಪಿಕೊಂಡಾಗ ಹಳೆಯ ಕಟ್ಟಡಗಳಿಗೂ ಗಡುವು ಇಟ್ಟರು: 75 ಅಡಿಗಿಂತ ಎತ್ತರದ ಆಸ್ಪತ್ರೆಗಳು 12 ವರ್ಷದೊಳಗೆ ಸ್ಪ್ರಿಂಕ್ಲರ್ ಹಾಕಿಸಬೇಕು. ಬೆಂಕಿಯ ಶಾಖಕ್ಕೆ ತಾನಾಗಿ ನೀರು ಚಿಮ್ಮಿಸುವ ಆ ಕೊಳವೆಗಳಿಗೆ 2028 ಕೊನೆಯ ವರ್ಷ.

ಸಲಹೆಗೂ ಕಾನೂನಿಗೂ ಇರುವ ಈ ಅಂತರವನ್ನು ನಮ್ಮ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. ವಿಷಯ ಅಂಗವಿಕಲರಿಗೆ ಸಾರ್ವಜನಿಕ ಕಟ್ಟಡಗಳ ಪ್ರವೇಶದ್ದು. ಕಾಯ್ದೆ ‘ಕಡ್ಡಾಯ’ ಅನ್ನುತ್ತದೆ, ನಿಯಮದಡಿ ಬಂದ ಮಾರ್ಗಸೂಚಿಗಳು ‘ಹೀಗಿದ್ದರೆ ಒಳ್ಳೆಯದು’ ಅನ್ನುವ ಧಾಟಿಯಲ್ಲಿವೆ, ಇದು ನಡೆಯುವುದಿಲ್ಲ ಎಂದಿತು ಕೋರ್ಟು. ಬಿಟ್ಟುಕೊಡಲಾಗದ ಕನಿಷ್ಠ ಅಂಶಗಳನ್ನು ಬೇರೆ ಮಾಡಿ ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಆಸ್ಪತ್ರೆಯ ಬಾಗಿಲಲ್ಲಿ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಇರುವುದು ದಾನವಲ್ಲ, ಹಕ್ಕು ಅನ್ನುವುದು ಇದರಿಂದ ತಿಳಿಯುತ್ತದೆ.

ಎರಡನೆಯ ತಡೆ: ಹಳೆಯ ಕಟ್ಟಡ

ಹೊಸ ನಿಯಮ ಹೊಸ ಕಟ್ಟಡಕ್ಕೆ ಸುಲಭ. ನಾವು ಹೋಗುವ ದವಾಖಾನೆಗಳಲ್ಲಿ ಬಹಳಷ್ಟು ಹಳೆಯವು. ಇನ್ನು ಕೆಲವು ಆಸ್ಪತ್ರೆಗಾಗಿ ಕಟ್ಟಿದ್ದೇ ಅಲ್ಲ. ಉಪನಗರಗಳಲ್ಲಿ ಕೆಳಗೆ ಅಂಗಡಿ, ನಡುವೆ ನರ್ಸಿಂಗ್ ಹೋಂ, ಮೇಲೆ ಸಂಸಾರಗಳಿರುವ ಕಟ್ಟಡ ಎಲ್ಲರೂ ನೋಡಿದ್ದೀರಿ. ನಮ್ಮ ಅಮ್ಮಿಗೆ ಪಿತ್ತಕೋಶದ ಆಪರೇಷನ್ ಆದದ್ದು ಇಂಥದ್ದೇ ಒಂದು ನರ್ಸಿಂಗ್ ಹೋಂನಲ್ಲಿ. ಡಾಕ್ಟರು ಒಳ್ಳೆಯವರು, ಇಲಾಜೂ ಚೆನ್ನಾಗಿ ಆಯಿತು. ಆದರೆ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತಿರಲಿಲ್ಲ. ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ವಾರ್ಡ್‌ಬಾಯ್‌ಗಳು, ನನ್ನ ತಮ್ಮ ಸೇರಿ ಮೆಟ್ಟಿಲಿಳಿಸಿದರು. ಹಗಲು ಹೊತ್ತು, ಒಬ್ಬರೇ ರೋಗಿ, ಅವಸರವಿಲ್ಲ. ರಾತ್ರಿ ಹೊಗೆಯಲ್ಲಿ ಇಪ್ಪತ್ತು ರೋಗಿಗಳಿದ್ದರೆ ಎಷ್ಟು ಕುರ್ಚಿ ಬೇಕು, ಎಷ್ಟು ಕೈ ಬೇಕು?

ಹಾಗಂತ ಇಂಥವನ್ನೆಲ್ಲ ನಾಳೆಯೇ ಮುಚ್ಚಿಸಿದರೆ ಆ ಬಸ್ತಿಯ ಬಡವರು ಹೆರಿಗೆಗೆ ಎಲ್ಲಿಗೆ ಹೋಗಬೇಕು? ಮಾಲೀಕರು ಈ ಪ್ರಶ್ನೆ ಕೇಳುತ್ತಾರೆ, ಅದರಲ್ಲಿ ನಿಜವೂ ಇದೆ. ಅದಕ್ಕೆ ಉತ್ತರ ರಿಯಾಯಿತಿ ಅಲ್ಲ, ಹಂತ ಹಂತದ ಗಡುವು. ವೈರಿಂಗ್ ತಪಾಸಣೆ, ಕಾರಿಡಾರ್ ಖಾಲಿ ಮಾಡುವುದು, ಬೀಗ ಹಾಕಿದ ಬಾಗಿಲು ತೆಗೆಯುವುದು, ಬೇಸ್‌ಮೆಂಟ್ ತೆರವು, ಸಿಬ್ಬಂದಿಗೆ ತಾಲೀಮು: ಇವಕ್ಕೆ ಒಂದು ತಿಂಗಳು ಸಾಕು. ಎರಡನೆಯ ಮೆಟ್ಟಿಲು, ಸ್ಪ್ರಿಂಕ್ಲರ್, ದೊಡ್ಡ ಲಿಫ್ಟಿಗೆ ವರ್ಷಗಳು ಬೇಕು. ಆದರೆ ಆ ವರ್ಷ ಯಾವುದು ಎಂದು ಬರೆದಿರಬೇಕು, ಮುಂದಕ್ಕೆ ತಳ್ಳಬಾರದು. ಗುಜರಾತ್‌ನಲ್ಲಿ 2020ರಲ್ಲಿ ಅಹಮದಾಬಾದ್, ರಾಜ್‌ಕೋಟ್‌ಗಳ ಕೋವಿಡ್ ಆಸ್ಪತ್ರೆಗಳಲ್ಲಿ ಬೆಂಕಿ ಬಿದ್ದು ರೋಗಿಗಳು ಸತ್ತರು. ಸುಪ್ರೀಂ ಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡು, ಆ ಡಿಸೆಂಬರ್‌ನಲ್ಲಿ ತಪಾಸಣೆಯ ಆದೇಶ ಕೊಟ್ಟಿತು. ಅಷ್ಟಾದ ಮೇಲೂ 2021ರ ಜುಲೈನಲ್ಲಿ ರಾಜ್ಯ ಸರ್ಕಾರ ಕಟ್ಟಡ ನಿಯಮ ಪಾಲಿಸಲು ಆಸ್ಪತ್ರೆಗಳಿಗೆ ಮತ್ತಷ್ಟು ಕಾಲಾವಕಾಶದ ಅಧಿಸೂಚನೆ ಹೊರಡಿಸಿತು. ಕೋರ್ಟು ಸಿಟ್ಟಾಗಿ ಆಗಸ್ಟ್‌ನಲ್ಲಿ ಅದಕ್ಕೆ ತಡೆ ಹಾಕಿತು.

ಕಲಬುರಗಿ, ಬೀದರ್ ಕಡೆಯವರಿಗೆ ಹೈದರಾಬಾದ್‌ನ ಉಸ್ಮಾನಿಯಾ ಆಸ್ಪತ್ರೆ ಗೊತ್ತಿರುವ ಹೆಸರು. ನಿಜಾಮರ ಕಾಲದ ಆ ಸುಂದರ ಕಟ್ಟಡದ ವಾರ್ಡುಗಳಿಗೆ 2020ರ ಜುಲೈನಲ್ಲಿ ಮಳೆಯ, ಚರಂಡಿಯ ನೀರು ನುಗ್ಗಿತು. ಆಮೇಲೆ ಹಳೆಯ ಕಟ್ಟಡ ಖಾಲಿ ಮಾಡಿಸಿದರು. ಗೋಷಾಮಹಲ್‌ನಲ್ಲಿ ಹೊಸ ಆಸ್ಪತ್ರೆಗೆ ಅಡಿಗಲ್ಲು ಬಿದ್ದದ್ದು 2025ರ ಜನವರಿ 31ರಂದು. ನಡುವಿನ ನಾಲ್ಕೂವರೆ ವರ್ಷ ರೋಗಿಗಳು ಉಳಿದ ಕಟ್ಟಡಗಳಲ್ಲೇ ಇಕ್ಕಟ್ಟಿನಲ್ಲಿ ಹೊಂದಿಕೊಂಡರು.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2001ರ ಜನವರಿ 26ರ ಭೂಕಂಪದಲ್ಲಿ ಕಛ್‌ನ ಭುಜ್ ನಗರದ ಜಿಲ್ಲಾ ಆಸ್ಪತ್ರೆಯೇ ಕುಸಿಯಿತು. ಗಾಯಾಳುಗಳು ಬರಬೇಕಾದ ಜಾಗವೇ ಇಲ್ಲವಾಯಿತು. ಮತ್ತೆ ಕಟ್ಟುವಾಗ ಅಡಿಪಾಯಕ್ಕೂ ಕಟ್ಟಡಕ್ಕೂ ನಡುವೆ ರಬ್ಬರ್ ಮತ್ತು ಸೀಸದ ದಿಂಡುಗಳನ್ನಿಟ್ಟು, ನೆಲ ಅಲುಗಿದರೂ ಮೇಲಿನ ಕಟ್ಟಡ ಕಡಿಮೆ ಅಲುಗುವಂತೆ ಮಾಡಿದರು. 2004ರಲ್ಲಿ ಅದು ತೆರೆಯಿತು. ನಮ್ಮ ಭೂಕಂಪದ ಮಾನದಂಡವೂ ಆಸ್ಪತ್ರೆಯನ್ನು ಸಾಧಾರಣ ಮನೆಗಿಂತ ಒಂದೂವರೆ ಪಟ್ಟು ಹೆಚ್ಚಿನ ಹೊರೆಗೆ ಲೆಕ್ಕ ಹಾಕಲು ಹೇಳುತ್ತದೆ.

ಮೂರನೆಯ ತಡೆ: ದಿನದಿನದ ನಿಗಾ

ಕಾನೂನೂ ಇದೆ, ಕಟ್ಟಡವೂ ಸರಿ ಇದೆ. ಆದರೂ ಫೈರ್ ಎನ್‌ಒಸಿ ಒಮ್ಮೆ ಸಿಕ್ಕ ಮೇಲೆ ಫ್ರೇಮು ಹಾಕಿ ಗೋಡೆಗೆ ತೂಗುಹಾಕುವ ಕಾಗದವಲ್ಲ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯ ಪ್ರಕಾರ ಕಟ್ಟಡದ ಮಾಲೀಕರು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಲೈಸೆನ್ಸ್ ಪಡೆದ ಏಜೆನ್ಸಿಯಿಂದ ಪ್ರಮಾಣಪತ್ರ ಕೊಡಿಸಬೇಕು. ‘ಫಾರ್ಮ್ ಬಿ’ ಎಂದು ಅದಕ್ಕೆ ಹೆಸರು. ಉಪಕರಣಗಳು ಈಗಲೂ ನಡೆಯುತ್ತಿವೆ ಎಂದು ಹೇಳುವುದು ಅದು.

ಆಸ್ಪತ್ರೆಯೊಳಗೆ ದಿನವೂ ಬದಲಾವಣೆ ಆಗುತ್ತಿರುತ್ತದೆ. ಹೊಸ ಎಸಿ, ಹೊಸ ಮೆಷಿನ್, ಹೆಚ್ಚುವರಿ ಮಂಚ. ವೈರಿಂಗ್ ಮಾತ್ರ ಹಳೆಯದು. ಐಸಿಯುನಲ್ಲಿ ಇನ್ನೊಂದು ಅಪಾಯ ಆಮ್ಲಜನಕ. ಸಾಧಾರಣ ಗಾಳಿಯಲ್ಲಿ ಅದು ಶೇಕಡಾ 21. ಕೋಣೆಯಲ್ಲಿ ಸೋರಿ ಅದಕ್ಕಿಂತ ನಾಲ್ಕಾರು ಅಂಶ ಏರಿದರೂ ಬಟ್ಟೆ, ಹಾಸಿಗೆ, ಪ್ಲಾಸ್ಟಿಕ್ ಬೇಗ ಹೊತ್ತಿಕೊಂಡು ಜೋರಾಗಿ ಉರಿಯುತ್ತವೆ. ಎಸಿಯ ಒಂದು ಕಿಡಿ ಸಾಕು. ಗಾಳಿ ಬದಲಾಗುವ ವ್ಯವಸ್ಥೆ ಸೋಂಕಿಗೆ ಮಾತ್ರವಲ್ಲ, ಬೆಂಕಿಗೂ ಬೇಕಾದದ್ದು ಇದಕ್ಕೇ.

ನಾವೇನು ಮಾಡಬಹುದು

ನಮ್ಮ ಸಮುದಾಯದ ಟ್ರಸ್ಟುಗಳು, ಜಮಾತ್‌ಗಳು ಊರೂರಲ್ಲಿ ಕ್ಲಿನಿಕ್, ಹೆರಿಗೆಮನೆ, ಡಯಾಲಿಸಿಸ್ ಕೇಂದ್ರ ನಡೆಸುತ್ತವೆ. ಬಹಳ ಪುಣ್ಯದ ಕೆಲಸ. ಚಂದಾ ಕೇಳಿದರೆ ಜನ ಮೆಷಿನ್‌ಗೆ ಕೊಡುತ್ತಾರೆ, ಅದರ ಮೇಲೆ ಹೆಸರು ಬರುತ್ತದೆ. ಎರಡನೆಯ ಮೆಟ್ಟಿಲಿಗೆ, ಬೆಂಕಿ ತಡೆಯುವ ಬಾಗಿಲಿಗೆ ಕೇಳಿದರೆ ಕೊಡುವವರು ಕಡಿಮೆ. ಇದನ್ನು ಬದಲಿಸಬೇಕು. ಹೊಸದಾಗಿ ಜಾಗ ಹುಡುಕುವ ಟ್ರಸ್ಟಿನವರು ಮೊದಲು ಎರಡು ಮೆಟ್ಟಿಲಿರುವ, ಸ್ಟ್ರೆಚರ್ ಹಿಡಿಯುವ ಲಿಫ್ಟಿರುವ ಕಟ್ಟಡ ನೋಡಲಿ. ಬಾಡಿಗೆಯ ಮಾತು ಆಮೇಲೆ. ಆಸ್ಪತ್ರೆಯ ಅನುಭವವಿರುವ ಆರ್ಕಿಟೆಕ್ಟ್‌ರನ್ನು ಕರಾರು ಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಕರೆಸಲಿ. ಗೋಡೆ ಎದ್ದ ಮೇಲೆ ತಿದ್ದಿಸುವುದು ದುಬಾರಿ.

ವಿದ್ಯಾರ್ಥಿಗಳಿಗೆ ಒಂದು ಪ್ರಾಜೆಕ್ಟ್ ಹೇಳುತ್ತೇನೆ. ನಿಮ್ಮ ಊರಿನ ಅಗ್ನಿ ಸುರಕ್ಷತಾ ನಿಯಮ ರಾಷ್ಟ್ರೀಯ ಸಂಹಿತೆಯ ಯಾವ ವರ್ಷದ ಆವೃತ್ತಿಯನ್ನು ಹಿಡಿದಿದೆ ಎಂದು ಹುಡುಕಿ. ಸರ್ಕಾರಿ ಆಸ್ಪತ್ರೆಯಾದರೆ ಕೊನೆಯ ಫೈರ್ ಆಡಿಟ್ ಯಾವಾಗ ಆಯಿತು, ಅದರಲ್ಲಿ ಹೇಳಿದ್ದನ್ನು ಮಾಡಿದರೇ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಹದಿನೆಂಟು ತುಂಬದವರು ಮನೆಯ ಹಿರಿಯರ ಹೆಸರಲ್ಲಿ ಹಾಕಿಸಿ.

ಇನ್ನು ಉಳಿದವರು, ಯಾರನ್ನಾದರೂ ನೋಡಲು ದವಾಖಾನೆಗೆ ಹೋದಾಗ ಎರಡೇ ಎರಡು ಕೆಲಸ ಮಾಡಿ. ವಾರ್ಡಿನಿಂದ ಎರಡನೆಯ ದಾರಿ ಎಲ್ಲಿ ಎಂದು ನರ್ಸ್‌ರನ್ನು ಕೇಳಿ. ಕೇಳಿದ ಮೇಲೆ ಆ ಬಾಗಿಲವರೆಗೆ ನಡೆದು ಹೋಗಿ, ಅದು ತೆರೆಯುತ್ತದೆಯೇ ನೋಡಿ. ಬೀಗ ಬಿದ್ದಿದ್ದರೆ ಮ್ಯಾನೇಜರಿಗೆ ಲಿಖಿತವಾಗಿ ಕೊಟ್ಟು ಬನ್ನಿ. ಹತ್ತು ಜನ ಕೇಳಿದರೆ ಆ ಬೀಗ ತೆರೆಯುತ್ತದೆ.