ಕಿವಿಗೆ ಕಾವಲು

ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಅಂತಹ ಕದವಿಲ್ಲ. ನಾವು ನಿದ್ರಿಸುವಾಗಲೂ ಅದು ತೆರೆದೇ ಇರುತ್ತದೆ. ಆದುದರಿಂದ ಅದರ ಕಾವಲು ನಮ್ಮದೇ ಹೊಣೆ.

ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯು ಕಾಡಿನ ನಡುವಣ ಊರು. ಮಳೆ ಹಿಂದೆಗೆದೊಡನೆ ಅಲ್ಲಿನ ಅಡಕೆ ತೋಟಗಳಲ್ಲಿ ಕಳೆ ಮೊಣಕಾಲೆತ್ತರ ಬೆಳೆದಿರುತ್ತದೆ. ಹಿಂದೆ ಕತ್ತಿಯಿಂದ ಸವರುತ್ತಿದ್ದ ಈ ಕಳೆಯನ್ನು ಈಗ ಪೆಟ್ರೋಲ್ ಯಂತ್ರಗಳು ಕತ್ತರಿಸುತ್ತವೆ. ಒಮ್ಮೆ ಅಲ್ಲಿ ಯುವಕನೊಬ್ಬನು ಹೆಡ್‌ಫೋನ್ ಧರಿಸಿ, ಹಾಡು ಕೇಳುತ್ತ ಯಂತ್ರ ನಡೆಸುತ್ತಿದ್ದುದನ್ನು ಕಂಡೆನು. ವಿಚಾರಿಸಿದಾಗ, “ಇದು ಸದ್ದನ್ನು ಅಳಿಸುವಂಥದು ಮೇಷ್ಟ್ರೇ. ಯಂತ್ರದ ಸದ್ದು ಅಷ್ಟಾಗಿ ಕೇಳುವುದೇ ಇಲ್ಲ. ಇನ್ನು ಕಿವಿಗೇನು ಭಯ?” ಎಂದನು. ಅವನ ಮಾತು ಸರಿಯೇ? ಪರಿಶೀಲಿಸೋಣ.

ಶಬ್ದವು ಗಾಳಿಯಲ್ಲಿ ಚಲಿಸುವ ಅಲೆ. ಇಂತಹ ಹೆಡ್‌ಫೋನಿನಲ್ಲಿರುವ ಪುಟ್ಟ ಮೈಕ್ರೋಫೋನು ಹೊರಗಿನ ಸದ್ದನ್ನು ಗ್ರಹಿಸುತ್ತದೆ. ಒಳಗಿನ ವಿದ್ಯುನ್ಮಂಡಲವು ಅದಕ್ಕೆ ವಿರುದ್ಧವಾದ ಅಲೆಯನ್ನು ಹುಟ್ಟಿಸುತ್ತದೆ. ಒಂದರ ಏರು ಇನ್ನೊಂದರ ಇಳಿತವನ್ನು ಸಂಧಿಸಿದಾಗ ಎರಡೂ ಕುಗ್ಗುತ್ತವೆ. 1978ರಲ್ಲಿ ಅಮೆರಿಕದ ವಿಜ್ಞಾನಿ ಅಮರ್ ಬೋಸ್ ಅವರಿಗೆ ಇಂತಹ ಹೆಡ್‌ಫೋನಿನ ಯೋಚನೆ ಹೊಳೆದುದು ವಿಮಾನಪ್ರಯಾಣದಲ್ಲಿ. ವಿಮಾನದ ಮೊರೆತದಂತಹ ಏಕರೀತಿಯ ತಗ್ಗುಸ್ವರದ ಮೇಲೆ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಆದರೆ ಕರ್ಕಶವಾದ ಏರುಸ್ವರದ ಮೇಲೂ ಹಠಾತ್ತಾದ ಸದ್ದಿನ ಮೇಲೂ ಅದರ ಪ್ರಭಾವ ಅಲ್ಪ. ಯಂತ್ರದ ಗುಡುಗು ತಗ್ಗಿದಂತೆ ತೋರಿದರೂ ಅದರ ಚೀತ್ಕಾರವು ಕಿವಿಯನ್ನು ಹೊಗುತ್ತಲೇ ಇರುತ್ತದೆ. ಅದರ ಮೇಲೆ ಹಾಡಿನ ಸದ್ದನ್ನೂ ಏರಿಸಿದರೆ ಹೊರೆ ಇಮ್ಮಡಿಸುತ್ತದೆ.

ಕಳೆಯ ಯಂತ್ರದ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್‌ಗೂ ಮಿಗಿಲು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂದು ತಜ್ಞರು ಹೇಳುತ್ತಾರೆ. ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧವಾಗುತ್ತದೆ. ಈ ಲೆಕ್ಕದಂತೆ 94 ಡೆಸಿಬೆಲ್‌ಗೆ 1 ಗಂಟೆ, 100 ಡೆಸಿಬೆಲ್‌ಗೆ ಕೇವಲ 15 ನಿಮಿಷ.

ನಮ್ಮ ಒಳಗಿವಿಯಲ್ಲಿ ಸುಮಾರು 16,000 ಸೂಕ್ಷ್ಮ ರೋಮಕೋಶಗಳಿವೆ. ಅವು ಒಮ್ಮೆ ನಾಶವಾದರೆ ಮತ್ತೆ ಹುಟ್ಟವು. ಈ ನಾಶವು ನೋವಿಲ್ಲದೆ ನಡೆಯುವುದೇ ಇಲ್ಲಿನ ಮೋಸ. ಮೊದಲು ಏರುಸ್ವರಗಳು ಮಸುಕಾಗುತ್ತವೆ. ‘ಸ’, ‘ಶ’ಗಳಂತಹ ಅಕ್ಷರಗಳು ಅಸ್ಪಷ್ಟವಾಗುತ್ತವೆ. ಎದುರಿನವರು ಆಡಿದುದು ಕೇಳಿಸುತ್ತದೆ, ತಿಳಿಯುವುದಿಲ್ಲ.

ನಿಜವಾದ ಕಾವಲು ಸರಳವಾದುದು. ಕಿವಿಯನ್ನು ಸುತ್ತಲೂ ಬಿಗಿಯಾಗಿ ಮುಚ್ಚುವ ದಪ್ಪ ಬಟ್ಟಲುಗಳು ಅಥವಾ ಕಿವಿಯೊಳಗೆ ತುಂಬಿಕೊಳ್ಳುವ ಮೆತ್ತನೆಯ ಬಿರಡೆಗಳು ತಗ್ಗುಸ್ವರ ಏರುಸ್ವರಗಳೆರಡನ್ನೂ ತಡೆಯುತ್ತವೆ. ಎಷ್ಟು ಡೆಸಿಬೆಲ್ ತಗ್ಗುವುದೆಂಬುದನ್ನು ಪರೀಕ್ಷಿಸಿ ಹೊದಿಕೆಯ ಮೇಲೆ ಮುದ್ರಿಸಿರುತ್ತಾರೆ. ಆ ಅಂಕಿಯನ್ನು ನೋಡಿಯೇ ಕೊಳ್ಳಬೇಕು. ಯಂತ್ರವನ್ನು ಚಾಲೂ ಮಾಡುವ ಮೊದಲೇ ಧರಿಸಬೇಕು. ಸಂದು ಉಳಿಯದಂತೆ ನೋಡಿಕೊಳ್ಳಬೇಕು.

ಸದ್ದು ಕೇಳಿಸದಿರುವುದು ಬೇರೆ, ಕಿವಿ ಕ್ಷೇಮವಾಗಿರುವುದು ಬೇರೆ. ಈ ಭೇದವನ್ನು ಅರಿತವನು ಮುಪ್ಪಿನಲ್ಲಿಯೂ ಮೊಮ್ಮಕ್ಕಳ ತೊದಲ್ನುಡಿಯನ್ನು ಕೇಳಿ ನಲಿಯಬಲ್ಲನು.